ಹೋಗುವವರ ಪೆಟ್ಟಿಗೆ

ಇಬ್ಬರು ಗಂಡಸರು ಹೊರಬೇಕಾದ ಪೆಟ್ಟಿಗೆಯನ್ನು ಜಸ್ಟೀನಾ ಒಬ್ಬಳೇ ಎಳೆದಳು. ಅದು ಸರಾಗವಾಗಿ ಬಂತು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಡಗಿ ಶೆಡ್ಡಿನ ಗೋಡೆಯನ್ನು ನೋಡಿದಳು. ಒಳ್ಳೆಯ ಗರಗಸಗಳೆಲ್ಲ ಗೋಡೆಯ ಮೇಲೇ ತೂಗುತ್ತಿದ್ದವು. ಉಳಿಗಳು ಸಾಲಾಗಿ ಇದ್ದವು. ಮರ ಹೆರೆಯುವ ಹಳೆಯ ಹತ್ತರಿ, ಗಂಡನ ಅಜ್ಜನ ಕೈಯಲ್ಲಿ ಸವೆದು ನುಣುಪಾದದ್ದು, ಅದೂ ತನ್ನ ಮೊಳೆಯ ಮೇಲೇ ಕೂತಿತ್ತು.

"ಡೇರಿಯಸ್, ಹೋಗೋರ ಪೆಟ್ಟಿಗೇಲಿ ಏನ್ ತುಂಬಿದ್ದೀಯ?"

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅವಳ ಗಂಡ, "ಸಾಮಾನು," ಅಂದ.

"ಎಂಥಾ ಸಾಮಾನು? ಬಾತುಕೋಳಿ ಪುಕ್ಕನಾ?"

ಜಸ್ಟೀನಾ ಸುತ್ತಿಗೆಯ ಹಿಂಭಾಗದಿಂದ ಮುಚ್ಚಳದ ಮೊಳೆ ಕಿತ್ತಳು. ಒಳಗೆ ಹಲ್ಲುದುರಿದ ಒಂದು ಗರಗಸ, ಹಿಡಿ ಸೀಳಿದ ಎರಡು ಸುತ್ತಿಗೆ, ತುಕ್ಕು ಹಿಡಿದ ಅರ. ಮೇಲೆ ಹಳೇ ಗೋಣಿ ಹೊದಿಸಿತ್ತು.

ನಮ್ಮ ಹುಟರೈಟ್ ಕ್ರೈಸ್ತ ಪಂಗಡದ ಕಾಲನಿಗಳಲ್ಲಿ ಯಾರಿಗೂ ಯಾವುದೂ ಸ್ವಂತದ್ದಲ್ಲ. ಊಟ ಒಂದೇ ಮನೆಯಲ್ಲಿ, ದುಡಿಮೆ ಒಟ್ಟಿಗೆ. ಜನ ನೂರ ಮೂವತ್ತು ದಾಟಿದರೆ ಕಾಲನಿ ಎರಡಾಗಬೇಕು. ಹಾಗಾಗಿ ನಾಲ್ಕು ವರ್ಷದಿಂದ ನಮ್ಮ ಗಂಡಸರು ಇನ್ನೂರ ಅರವತ್ತು ಮೈಲಿ ಉತ್ತರಕ್ಕೆ ಹೋಗಿ ಹೊಸ ಮನೆಗಳನ್ನು ಕಟ್ಟಿದ್ದರು. ಯಾರಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸಂಸಾರಗಳನ್ನೆಲ್ಲ ಎರಡು ಪಟ್ಟಿ ಮಾಡಿದ್ದೆವು. ಒಂದು ಹಿರಿಯ ಬೋಧಕ ಜಕರಿಯಾಸರದು, ಇನ್ನೊಂದು ಕಿರಿಯ ಬೋಧಕ ಆಂಡ್ರಿಯಾಸರದು. ಹೊರಡುವ ದಿನ ಬೆಳಿಗ್ಗೆ ಎರಡೂ ಪಟ್ಟಿಯವರು ಪೂರ್ತಿ ಗಂಟುಮೂಟೆ ಕಟ್ಟಿ ಕೂತಿರಬೇಕು. ಆಮೇಲೆ ಟೋಪಿಯಿಂದ ಒಂದು ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಆ ಪಟ್ಟಿಯವರು ಮಧ್ಯಾಹ್ನದೊಳಗೆ ಲಾರಿ ಹತ್ತಬೇಕು. ಉಳಿದವರು ಗಂಟು ಬಿಚ್ಚಬೇಕು. ಹೆಮ್ಮೆ ಪಾಪ ಎಂದು ನಮಗೆ ತೊಟ್ಟಿಲಿನಿಂದಲೇ ಹೇಳಿಕೊಡುತ್ತಾರೆ. ಆ ದಿನದ ಮಾತು ಬಂದಾಗ ಮಾತ್ರ ಆ ಪಾಠ ನನಗೆ ಮರೆತುಹೋಗುತ್ತದೆ.

ಬಡಗಿಗಳು ಇಬ್ಬರಿದ್ದರು. ಜಕರಿಯಾಸರ ಪಟ್ಟಿಯಲ್ಲಿ ಡೇರಿಯಸ್, ಆಂಡ್ರಿಯಾಸರ ಪಟ್ಟಿಯಲ್ಲಿ ಅವನ ಕೈಕೆಳಗೆ ಕಲಿತ ಇಲಾಯಸ್. "ಉಪಕರಣಗಳನ್ನ ನೀನೇ ಎರಡು ಪಾಲು ಮಾಡಪ್ಪ," ಎಂದು ಜಕರಿಯಾಸರು ಡೇರಿಯಸನಿಗೆ ಹೇಳಿದ್ದರು. "ಹೋಗೋರಿಗೊಂದು, ಇರೋರಿಗೊಂದು. ನಿನ್ನ ಪಾಲು ಯಾವುದು ಅಂತ ದೇವರು ಹೇಳ್ತಾನೆ." ಡೇರಿಯಸ್ ಮಾಡಿದ ಪಾಲು ಹೀಗಿತ್ತು.

"ನಾವು ಇಲ್ಲೇ ಉಳೀತೀವಿ ಜಸ್ಟೀನಾ," ಅಂದ ಅವನು. "ನನ್ನ ಮನಸ್ಸು ಹೇಳ್ತಿದೆ."

"ಮನಸ್ಸು ಹೇಳಿದ್ದಕ್ಕೆ ಇಲಾಯಸನಿಗೆ ಈ ಗುಜರಿ ಕಟ್ಟಿದ್ಯಾ? ಹತ್ತಿರದ ಪೇಟೆ ಅಂದ್ರೆ ಅರವತ್ತು ಮೈಲಿ, ಅಂಥಾ ಕಡೆಗೆ?"

"ನಾನು ಹುಟ್ಟಿದ್ದು ಈ ಶೆಡ್ಡಿನ ಹಿಂದಿನ ಮನೇಲಿ. ಐವತ್ನಾಕು ವರ್ಷ. ಮನೆ ಕಟ್ಟೋಕೆ ಹೋದಾಗಲೂ ಒಂದು ತಿಂಗಳು ಬೇರೆ ಕಡೆ ಮಲಗಿದೋನಲ್ಲ." ಅವನು ಲೋಟ ಕೆಳಗಿಟ್ಟ. ಆಮೇಲೆ, ಸೋಲುವ ಗಂಡಸರು ಆಡುವ ಮಾತೊಂದನ್ನು ಆಡಿದ. "ನಿಂಗೇನು? ನಿಂಗೆ ಹೋಗಬೇಕು. ತವರು ಪಕ್ಕದಲ್ಲೇ ಆಗುತ್ತಲ್ಲ. ಅದಕ್ಕೇ ಈ ಪೆಟ್ಟಿಗೆ ಚಿಂತೆ."

ಮಾತು ನಾಟಿತು. ನಮ್ಮಲ್ಲಿ ಗಂಡಸು ಹುಟ್ಟಿದ ಕಾಲನಿಯಲ್ಲೇ ಬಾಳುತ್ತಾನೆ, ಮದುವೆಯಾಗಿ ಊರು ಬಿಡುವವಳು ಹೆಣ್ಣು. ಜಸ್ಟೀನಾ ಹತ್ತೊಂಬತ್ತಕ್ಕೆ ಉತ್ತರದಿಂದ ಬಂದವಳು. ಅವಳ ತಾಯಿಗೆ ಈಗ ಎಂಬತ್ತನಾಲ್ಕು, ಎರಡೂ ಕಣ್ಣು ಮಂಜು. ಹೊಸ ಜಾಗದಿಂದ ತಾಯಿಯ ಮನೆಗೆ ಹದಿನೆಂಟೇ ಮೈಲಿ. ವರ್ಷಕ್ಕೊಮ್ಮೆ ನೋಡುವ ತಾಯಿಯನ್ನು ವಾರಕ್ಕೊಮ್ಮೆ ನೋಡಬಹುದಿತ್ತು. ಈ ಆಸೆಯನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ದೇವರ ಹತ್ತಿರ ಕೂಡ ಬೇಡಿಕೊಂಡಿರಲಿಲ್ಲ, ತಿಳಿಸಿದ್ದಳು ಅಷ್ಟೆ. ಗಂಡನಿಗೆ ಹೇಗೋ ಗೊತ್ತಾಗಿತ್ತು. ಮೂವತ್ತಮೂರು ವರ್ಷ ಒಟ್ಟಿಗೆ ಬಾಳಿದವರಲ್ಲಿ ಗುಟ್ಟು ನಿಲ್ಲುವುದಿಲ್ಲ.

"ಆಸೆ ಇದೆ," ಅಂದಳು ಜಸ್ಟೀನಾ. "ಸುಳ್ಳು ಯಾಕೆ ಹೇಳಲಿ? ಆದ್ರೆ ನಾನು ಕಿಟಕಿ ಪರದೆ ಇಳಿಸಿ ಮಡಚಿದ್ದೀನಿ, ಹಿತ್ತಲಲ್ಲಿ ಮುನ್ನೂರು ಕೋಸಿನ ಸಸೀನೂ ನೆಟ್ಟಿದ್ದೀನಿ. ಹೋದ್ರೂ ಸರಿ, ಇದ್ರೂ ಸರಿ ಅಂತ. ನೀನು ದೇವರಿಗೆ ಚೀಟಿ ಎತ್ತಪ್ಪ ಅಂದು, ಪಕ್ಕದಲ್ಲಿ ನಿಂತು ಮೊಣಕೈಲಿ ತಿವೀತಾ ಇದ್ದೀಯ."

ಡೇರಿಯಸ್ ಪೆಟ್ಟಿಗೆಯ ಹತ್ತಿರ ಬಂದು ಹಲ್ಲುದುರಿದ ಗರಗಸ ಎತ್ತಿ ನೋಡಿದ. ಆಮೇಲೆ ಅದನ್ನು ಮಗುಚಿ ಖಾಲಿ ಮಾಡಿದ. ಗೋಡೆಯಿಂದ ಒಂದೊಂದೇ ಇಳಿಸಿದ. ಅತ್ತ ಒಂದು ಗರಗಸ, ಇತ್ತ ಒಂದು. ಅತ್ತ ಮೂರು ಉಳಿ, ಇತ್ತ ಮೂರು. ಮೊದಲು ಕಲ್ಲು ಹೊರುವವನ ಹಾಗೆ ಮುಖ ಮಾಡಿಕೊಂಡಿದ್ದವನು ಅರ್ಧ ಗೋಡೆ ಮುಗಿಯುವಷ್ಟರಲ್ಲಿ ಏನೋ ಗುನುಗತೊಡಗಿದ. ಕೊನೆಗೆ ಉಳಿದದ್ದು ಹತ್ತರಿ. ಅದು ಒಂದೇ ಇತ್ತು. ಅವನು ಅದನ್ನು ಗೋಣಿಯಲ್ಲಿ ಸುತ್ತಿ ಹೋಗುವವರ ಪೆಟ್ಟಿಗೆಯಲ್ಲಿಟ್ಟ.

"ಅಲ್ಲಿ ಗೋಡೆ ಬರಿದಾಗಿರುತ್ತೆ," ಅಂದ. ಆಮೇಲೆ ತನಗೇ ಆಶ್ಚರ್ಯವಾದಂತೆ, "ನೋಡೇ, ಎದೆ ಎಷ್ಟು ಹಗುರಾಯ್ತು! ತಿಂಗಳಿಂದ ನಿದ್ದೆ ಇರಲಿಲ್ಲ ನಂಗೆ," ಅಂದ.

"ನಂಗಿತ್ತಾ? ಮಗ್ಗುಲಲ್ಲಿ ನೀನು ಹೊರಳಾಡ್ತಿದ್ರೆ?" ಎಂದು ಜಸ್ಟೀನಾ ಅವನ ಬೆನ್ನಿಗೊಂದು ಗುದ್ದಿದಳು.

ಬೆಳಗಿನ ಆರೂವರೆಗೆ ಊಟದ ಗಂಟೆ ಹೊಡೆಯಿತು. ಅದು ಚೀಟಿ ಎತ್ತುವ ದಿನ. ಊಟದ ಮನೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತೆವು. ಬ್ರೆಡ್ಡು, ಬೆಣ್ಣೆ ತಟ್ಟೆಯಲ್ಲೇ ಉಳಿದವು. ಪ್ರಾರ್ಥನೆ ಮುಗಿದ ಮೇಲೆ ಪಕ್ಕದ ಕಾಲನಿಯಿಂದ ಬಂದಿದ್ದ ಮುದಿ ಬೋಧಕರು ಕರಿ ಟೋಪಿಗೆ ಕೈ ಹಾಕಿದರು. ಚೀಟಿ ಬಿಡಿಸಲು ಹೊತ್ತು ಹಿಡಿಯಿತು.

"ಆಂಡ್ರಿಯಾಸ್," ಎಂದು ಓದಿದರು.

ಜಕರಿಯಾಸರ ಪಟ್ಟಿಯವರು, ಜಸ್ಟೀನಾ ಕೂಡ, ಉಳಿಯುವವರಾದರು. ಹದಿನೆಂಟು ಮೈಲಿ ಮತ್ತೆ ಇನ್ನೂರ ಅರವತ್ತಾಯಿತು. ಬೆಳಿಗ್ಗೆ ಗಂಡನಿಗೆ ಹೇಳಿದ ಬುದ್ಧಿ ಈಗ ಅವಳ ತಟ್ಟೆಗೇ ಬಂದು ಬಿದ್ದಿತ್ತು. ಹೇಳುವಷ್ಟು ಸಲೀಸಲ್ಲ ಉಣ್ಣುವುದು. ಗಂಡಸರ ಸಾಲಿನಿಂದ ಡೇರಿಯಸ್ ಅವಳನ್ನೇ ನೋಡುತ್ತಿದ್ದ. ಬಯಸಿದ್ದು ಕೈಗೆ ಬಂದರೂ ಅವನ ಮುಖದಲ್ಲಿ ಸಂತೋಷವಿರಲಿಲ್ಲ.

ಚೀಟಿ ಓದಿದ ಮೇಲೆ ಎಲ್ಲರೂ ಆಮೆನ್ ಹೇಳಬೇಕು. ಆ ಗಳಿಗೆಯಲ್ಲಿ ಅದಕ್ಕಿಂತ ಭಾರದ ಮಾತಿಲ್ಲ. ಮೊದಲು ಹೇಳಿದವಳು ನಮ್ಮ ಜಸ್ಟೀನಾ. ಗಟ್ಟಿಯಾಗಿ, ಕಿಟಕಿ ಗಾಜಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಎದೆ ಒಪ್ಪುವ ಮೊದಲೇ ಬಾಯಿ ಹೇಳಿಬಿಟ್ಟಿತು ಎಂದು ಆಮೇಲೆ ನಗುತ್ತಿದ್ದಳು. ಅವಳ ಹಿಂದೆ ನೂರ ಮೂವತ್ತು ಜನ ಹೇಳಿದರು. ಅರವತ್ತೇಳು ಜನ ಬಾಳಿದ ನೆಲ ಬಿಡುವವರು, ಒಬ್ಬರೂ ಎದುರಾಡಲಿಲ್ಲ. ಅಂಥ ಜನ ನಮ್ಮವರು.

ಉಳಿಯುವವರೇ ಹೋಗುವವರ ಸಾಮಾನು ಹೇರಬೇಕೆಂಬುದು ನಮ್ಮ ಪದ್ಧತಿ. ಉಪಕರಣದ ಪೆಟ್ಟಿಗೆಯ ಒಂದು ತುದಿ ಡೇರಿಯಸ್ ಹಿಡಿದ, ಇನ್ನೊಂದು ಇಲಾಯಸ್. "ಏನಣ್ಣ, ಇಷ್ಟು ಭಾರ?" ಎಂದು ಇಲಾಯಸ್ ಏದುಸಿರು ಬಿಟ್ಟ. ಡೇರಿಯಸ್ ಮಾತ್ರ ಮೀಸೆಯಿಲ್ಲದ ಮುಖದಲ್ಲಿ ಮೀಸೆ ತಿರುವಿದಷ್ಟು ಗರ್ವದಿಂದ, "ಹೊರೋ ಹೊರೋ," ಅಂದ.

ಜಸ್ಟೀನಾ ಹಾಸಿಗೆ ಹೊತ್ತುಕೊಂಡು ಲಾರಿಯ ಹಿಂದೆ ಹೋದಾಗ ಅಲ್ಲಿ ಇಲಾಯಸನ ಹೆಂಡತಿ ಮಿರಿಯಮ್ ಚಕ್ರಕ್ಕೆ ಒರಗಿ ಅಳುತ್ತಿದ್ದಳು. ಮದುವೆಯಾಗಿ ಆರು ತಿಂಗಳಾಗಿತ್ತು. ಅವಳ ತವರು ಇಲ್ಲಿಂದ ಒಂಬತ್ತೇ ಮೈಲಿ.

"ಅಳಬೇಡವೇ. ದೇವರ ಚಿತ್ತ," ಅಂದಳು ಜಸ್ಟೀನಾ.

"ನಿಮಗೇನತ್ತೆ, ನೀವು ಉಳಿದ್ರಿ." ಹಿರಿಯ ಹೆಂಗಸರೆಲ್ಲ ನಮ್ಮಲ್ಲಿ ಅತ್ತೆಯರೇ.

ಬೆಳಿಗ್ಗೆ ಗಂಡನ ಮಾತು ನಾಟಿದ ಜಾಗಕ್ಕೇ ಇದೂ ನಾಟಿತು. ಜಸ್ಟೀನಾ ಹಾಸಿಗೆ ಕೆಳಗಿಟ್ಟು ಅದರ ಮೇಲೆ ಕೂತಳು. ನಗು ಬಂದುಬಿಟ್ಟಿತು, ಜೊತೆಗೆ ಕಣ್ಣೀರೂ ಬಂತು.

"ಹೌದು ಕಣೇ, ಉಳಿದೆ. ನೀನು ಹೋಗೋ ಜಾಗದಿಂದ ನಮ್ಮಮ್ಮನ ಮನೆ ಹದಿನೆಂಟು ಮೈಲಿ. ಮೂವತ್ತಮೂರು ವರ್ಷದಿಂದ ಅಲ್ಲಿಗೆ ಹೋಗಬೇಕು ಅಂತಿದ್ದೆ. ನಿನ್ನ ಚೀಟಿ ಬಂತು."

ಮಿರಿಯಮ್ ಅಳು ನಿಲ್ಲಿಸಿ ಅವಳನ್ನೇ ನೋಡಿದಳು. "ಮತ್ತೆ ಆಮೆನ್ ಅಷ್ಟು ಗಟ್ಟಿಯಾಗಿ ಹೇಳಿದ್ರಿ?"

"ಮೆಲ್ಲಗೆ ಹೇಳಿದ್ರೆ ಬರ್ತಾ ಇರಲಿಲ್ಲವೇ."

ಲಾರಿಯ ಆಚೆ ಗಂಡಸರು ಹಗ್ಗ ಬಿಗಿಯುವ ಸದ್ದು ಕೇಳುತ್ತಿತ್ತು. ಜಸ್ಟೀನಾಗೆ ಆ ಯೋಚನೆ ಎಲ್ಲಿಂದ ಬಂತೋ, ಅವಳು ಮಿರಿಯಮ್‌ಳ ಕೈ ಹಿಡಿದಳು. "ಒಂದು ಕೆಲಸ ಮಾಡೋಣ. ನಮ್ಮಮ್ಮನ್ನ ನೀನಿಟ್ಕೋ, ನಿಮ್ಮಮ್ಮನ್ನ ನಂಗೆ ಕೊಡು. ನಮ್ಮಮ್ಮಂಗೆ ಕಣ್ಣು ಕಾಣಲ್ಲ. ಹತ್ರ ಕೂತು ಹಾಡಿದ್ರೆ ಮಗಳು ಬಂದಳು ಅಂತ ಖುಷಿಪಡ್ತಾಳೆ."

"ನಂಗೆ ಹಾಡೋಕೆ ಸರಿಯಾಗಿ ಬರಲ್ಲತ್ತೆ."

"ಹಾಗಾದ್ರೆ ಅವಳಿಗೆ ಅನುಮಾನನೇ ಬರಲ್ಲ. ನನ್ನ ಗಂಟಲೂ ಅಂಥದ್ದೇ."

ಮಿರಿಯಮ್ ಮೂಗು ಒರೆಸಿಕೊಂಡು ನಕ್ಕಳು. "ನಮ್ಮಮ್ಮ ಬೈತಾಳತ್ತೆ. ಹನ್ನೊಂದು ಹೆಣ್ಣುಮಕ್ಕಳನ್ನ ಬೈದೇ ಬೆಳೆಸಿದ್ದು. ಈಗ ಬೈಯೋಕೆ ಯಾರೂ ಇಲ್ಲ."

"ಬೈಲಿ ಬಿಡೇ. ಪುಕ್ಕಟೆ ಮಗಳಾಗೋಕಾಗುತ್ತಾ?"

ಮಧ್ಯಾಹ್ನ ಲಾರಿಗಳು ಉತ್ತರಕ್ಕೆ ತಿರುಗಿದವು. ನಾವು ಹಾಡುತ್ತ ನಿಂತೆವು, ಅವರೂ ಹಾಡುತ್ತ ಹೋದರು. ಧೂಳು ಅಡಗಿದ ಮೇಲೆ ಜಸ್ಟೀನಾ ತನ್ನ ಎದೆಯೊಳಗೆ ದುಃಖಕ್ಕಾಗಿ ಹುಡುಕಿದಳಂತೆ. ತಾಯಿಯ ನೆನಪು ಇತ್ತು, ನೋವೂ ಇತ್ತು. ಆದರೆ ಅವುಗಳ ಮೇಲೆ ಒಂದು ಸಂತೋಷ ಬಂದು ಕೂತಿತ್ತು. ಹತ್ತೊಂಬತ್ತರಲ್ಲಿ ಮದುವೆಯಾಗಿ ಬಂದಾಗ ಕೂಡ ಅಷ್ಟು ದೊಡ್ಡ ಸಂತೋಷ ಕಂಡಿರಲಿಲ್ಲ ಎಂದು ಅವಳೇ ನನಗೆ ಹೇಳಿದಳು.

ಬುಧವಾರ ಕಾಲನಿಯ ವ್ಯಾನು ಪೇಟೆಗೆ ಹೊರಟಾಗ ಅವಳು ದಾರಿಯಲ್ಲಿ ಒಂಬತ್ತನೇ ಮೈಲಿಗೆ ಇಳಿದಳು. ಮಿರಿಯಮ್‌ಳ ತಾಯಿ ಬಾಗಿಲು ತೆಗೆದಳು. ಅರವತ್ತೆಂಟರ ದಪ್ಪ ಹೆಂಗಸು. ಅತ್ತು ಅತ್ತು ಅವಳ ರೆಪ್ಪೆ ಊದಿದ್ದವು.

"ಯಾರಮ್ಮ ನೀನು?"

"ಮಿರಿಯಮ್ ಕಳಿಸಿದ್ದಾಳೆ, ಅವಳ ಬದಲಿಗೆ. ಬೈಯೋದಿದ್ರೆ ಶುರುಮಾಡಮ್ಮ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ದನಿ ಗಟ್ಟಿಮಾಡಿಕೊಂಡು, "ಈಗಷ್ಟೇ ನೆಲ ಒರೆಸಿದ್ದೀನಿ, ಕಣ್ಣು ಕಾಣಲ್ವಾ? ಬೂಟು ಬಿಚ್ಚು ಮೊದಲು," ಅಂದಳು.

ಜಸ್ಟೀನಾ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದಳು.