ಹನ್ನೊಂದೂವರೆಗೆ ಮುಖ ತೋರಿಸಬೇಕು

"ಈ ಕಡೆ ತಿರುಗಸ್ರಿ, ಕಿಟಕಿ ಕಡೆ. ಬೆಳಕು ಮಾರಿ ಮ್ಯಾಲೆ ಬೀಳಬೇಕು," ಎನ್ನುತ್ತ ಮಡಿವಾಳಪ್ಪ ಕುರ್ಚಿಯ ಒಂದು ಕಾಲನ್ನು ತಾನೇ ಹಿಡಿದೆಳೆದ.

ಕುರ್ಚಿಯಲ್ಲಿ ಅವನ ಅಕ್ಕ ಅನ್ನಪೂರ್ಣವ್ವ ಕೂತಿದ್ದಳು. ಹಿಂದಿನ ಸಂಜೆ ಆರೂವರೆಗೆ ತೀರಿಕೊಂಡವಳನ್ನು ಪದ್ಧತಿಯಂತೆ ಮೀಯಿಸಿ, ಹಣೆಯ ತುಂಬ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲೇ ಇರಿಸಿದ್ದರು. ಗದ್ದದಿಂದ ನೆತ್ತಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ಸೆರಗು ಮುಚ್ಚಿತ್ತು. ಭಜನೆಯವರು ತಾಳ ನಿಲ್ಲಿಸಿ ನೋಡಿದರು. ಬನವಾಸಿ ಸುತ್ತಿನ ಹತ್ತಾರು ಸಾವಿನ ಮನೆಗಳಲ್ಲಿ ಹಾಡಿದವರು ಅವರು; ಹೆಣಕ್ಕೆ ಬೆಳಕು ಹೊಂದಿಸುವುದನ್ನು ಎಲ್ಲೂ ಕಂಡಿರಲಿಲ್ಲ.

"ಅಪ್ಪಾ, ಏನ್ ಮಾಡಾಕತ್ತಿ?" ಎಂದಳು ಮಗಳು ಸ್ಫೂರ್ತಿ.

"ಫೋನು ಎಷ್ಟಕ್ಕ ಬರತೈತಿ?"

"ಹನ್ನೊಂದೂವರಿಗೆ."

"ಈಗ ಹನ್ನೊಂದು ಇಪ್ಪತ್ತು."

ಸ್ಫೂರ್ತಿ ಶಿರಸಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಇಸಳೂರಿನ ಬಾಡಿಗೆ ಮನೆಯಲ್ಲಿ ಎರಡು ವರ್ಷದಿಂದ ಅತ್ತೆಯ ಜೊತೆಗಿದ್ದವಳು; ಹೆಣವನ್ನು ರಾತ್ರಿಯೇ ಅಪ್ಪನ ಮನೆಗೆ ತಂದಿದ್ದರು. ಅತ್ತೆಯ ಫೋನು ಅವಳ ಕೈಯಲ್ಲೇ ಇತ್ತು. ಅದಕ್ಕೆ ಮಸ್ಕತ್ತಿನ ಬ್ಯಾಂಕಿನಿಂದ ವೀಡಿಯೊ ಕರೆ ಬರಬೇಕಿತ್ತು. ಖಾತೆದಾರರು ಮುಖ ತೋರಿಸಬೇಕು, ಮುಖ ಪಾಸ್‌ಪೋರ್ಟಿನ ಫೋಟೊಕ್ಕೆ ಹೊಂದಬೇಕು, ಆಮೇಲೆ ಹಣ. ಒಂಬತ್ತು ವಾರ ಕಾದು ಸಿಕ್ಕ ಸಮಯವದು. ಅನ್ನಪೂರ್ಣವ್ವ ಒಂಬತ್ತು ವಾರ ಕಾದಳು. ಕೊನೆಯ ಹದಿನೇಳು ತಾಸು ಕಾಯಲಿಲ್ಲ.

"ಅತ್ತಿ ಸತ್ತಾಳಪ್ಪಾ."

"ಅದನ್ನ ನನಗ ಹೇಳ್ತಿ? ಮಸ್ಕತ್ತಿನಾವ್ರಿಗೆ ಗೊತ್ತೈತೇನು?"

"ಗೊತ್ತಾತಂದ್ರ ಮುಗೀತು," ಎಂದ ಪಕ್ಕದ ಮನೆಯ ಮಾದೇವ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಈ ಮೇಜಿನಿಂದ ಆ ಮೇಜಿಗೆ ಫೈಲು ಹೊತ್ತು ನಿವೃತ್ತನಾದವ. ಹೊತ್ತ ಫೈಲುಗಳ ಕಾನೂನೆಲ್ಲ ಬೆನ್ನಿನ ಮೂಲಕ ತಲೆಗೆ ಏರಿದೆಯೆಂದು ಅವನ ನಂಬಿಕೆ. "ಖಾತೆ ಸೀಲ್. ವಾರಸಾ ಕಾಗದ ತರ್ರಿ ಅಂತಾರ. ಮಕ್ಕಳಿಲ್ಲದಾಕಿ, ಗಂಡ ಇಲ್ಲದಾಕಿ. ವಾರಸಾ ಅಂದ್ರ ಗಂಡನ ಮನಿಯಾವ್ರು."

"ಹಾನಗಲ್ಲಿನಾವ್ರಾ? ಈಕಿ ಉಂಡ್ಲೋ ಇಲ್ಲೋ ಅಂತ ಒಂದಿನ ಕೇಳಲಿಲ್ಲ ಅವರು!" ಎಂದ ಮಡಿವಾಳಪ್ಪ.

"ಕೇಳಾಕ ಈಗ ಬರ್ತಾರ ತಗೋ."

*

ಗಂಡ ಸತ್ತ ಮೂರನೇ ವರ್ಷ ಮಸ್ಕತ್ತಿಗೆ ಹೋದ ಅನ್ನಪೂರ್ಣವ್ವ ಅಲ್ಲಿ ಒಬ್ಬ ವ್ಯಾಪಾರಿಯ ಮನೆಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದಳು. ಮೊದಲ ಹದಿನಾಲ್ಕು ವರ್ಷದ ದುಡಿಮೆ ತಿಂಗಳು ತಿಂಗಳು ಊರಿಗೆ ಬಂತು. ಅದು ಈ ಮನೆಯಾಯಿತು, ಟ್ರ್ಯಾಕ್ಟರಾಯಿತು, ಎರಡರ ಕಾಗದದ ಮೇಲೂ ತಮ್ಮನ ಹೆಸರಾಯಿತು. ಒಮ್ಮೆ ರಜೆಯಲ್ಲಿ ಬಂದಾಗ ಗೊಬ್ಬರದ ಚೀಲ ಒಟ್ಟಿದ್ದ ಕೋಣೆಯಲ್ಲಿ ಅವಳಿಗೆ ಹಾಸಿಗೆ ಹಾಕಿಕೊಟ್ಟರು. ಅವಳು ಜಗಳವಾಡಲಿಲ್ಲ. ತಿರುಗಿ ಹೋದವಳು ಹಣ ಕಳಿಸುವುದನ್ನು ನಿಲ್ಲಿಸಿದಳು, ಅಷ್ಟೆ.

ದೇಶ ಬಿಡುವವರು ಮೊದಲು ಹಣ ಸಾಗಿಸಿ ಆಮೇಲೆ ತಾವು ಹೊರಡುತ್ತಾರೆ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಮರಳಿದ ಅನ್ನಪೂರ್ಣವ್ವ ನಾಲ್ಕು ಸಾವಿರದ ಎಂಟುನೂರು ರಿಯಾಲ್ ಅಲ್ಲೇ ಬಿಟ್ಟು ಬಂದಳು. ನಮ್ಮ ಲೆಕ್ಕದಲ್ಲಿ ಹತ್ತೂವರೆ ಲಕ್ಷ.

"ಯಾಕ ಅತ್ತಿ?" ಎಂದು ಸ್ಫೂರ್ತಿ ಕೇಳಿದ್ದಳು.

"ಈ ನೆಲ ಮುಟ್ಟಿದ್ರ ರೊಕ್ಕ ಕರಗತೈತಿ. ನೀ ಜರ್ಮನಿಗೆ ಹೋಗಾಕಿ ಹೌದಲ್ಲೋ? ಅಲ್ಲಿಂದ ಅಲ್ಲಿಗೇ ಹೋಗಲಿ."

ಮುಂದಿನ ತರಬೇತಿಗೆ ಸ್ಫೂರ್ತಿಗೆ ಜರ್ಮನಿಯಲ್ಲಿ ಜಾಗ ಸಿಕ್ಕಿತ್ತು. ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚಿನ ಹಣ ಆ ದೇಶದ ಬ್ಯಾಂಕಿನಲ್ಲಿ ಅವಳ ಹೆಸರಿಗೆ ಬಿದ್ದಿರಬೇಕು. ಅತ್ತೆ ಊಟದ ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ, ನಡುವಿನ ಅನ್ನ ಮುಟ್ಟದೆ, ಬೆರಳು ಹಾರಿಸಿ ತೋರಿಸಿದ್ದಳು. ಆದರೆ ಅಷ್ಟರಲ್ಲಿ ಅಲ್ಲಿಯ ವಾಸದ ಕಾರ್ಡು ರದ್ದಾಗಿ ಖಾತೆ ನಿದ್ದೆಹೋಗಿತ್ತು. ಎಬ್ಬಿಸಲು ಮುಖವೇ ಬೇಕು.

ಮೊದಲ ಕರೆಯಲ್ಲಿ ಬ್ಯಾಂಕಿನ ಹುಡುಗಿ ಹಿಂದಿಯಲ್ಲಿ ವಿನಯದಿಂದಲೇ ಹೇಳಿದ್ದಳು: ಅಮ್ಮಾಜಿ, ಹಣೆಯ ಮೇಲಿನ ಬಿಳಿ ಒರೆಸಿ, ಫೋಟೊದಲ್ಲಿ ಅದಿಲ್ಲ.

"ಒರಸಂಗಿಲ್ಲ," ಎಂದಳು ಅನ್ನಪೂರ್ಣವ್ವ.

"ಪಾಸ್‌ಪೋರ್ಟಿಗೆ ಒರಸಿದ್ದಿಯಲ್ಲ ಅತ್ತಿ? ಒಂದು ನಿಮಿಷದ್ದು. ಆಮ್ಯಾಲೆ ಡಬ್ಬಿ ತುಂಬ ಹಚ್ಕೋ."

"ಅವತ್ತು ಹೊಟ್ಟಿಗಿರಲಿಲ್ಲ, ಒರಸಿದೆ. ಬೂದಿ ಪಲ್ಲೇದಾಗ ಬೀಳತೈತಿ ಅಂತಿದ್ಲು ಒಡತಿ, ಇಪ್ಪತ್ತೆರಡು ವರ್ಷ ದಿನಾ ಒರಸಿದೆ. ಈಗ ಹೊಟ್ಟಿಗೈತಿ."

ಎರಡನೇ ಕರೆಯಲ್ಲೂ ಅದೇ. ಮೂರನೆಯದರ ನಂತರ ಸ್ಫೂರ್ತಿ ಫೋನನ್ನು ಹಾಸಿಗೆಯ ಮೇಲೆ ಎಸೆದಿದ್ದಳು. "ಒಂದು ಚಿಟಿಕಿ ಬೂದಿ ಸಲುವಾಗಿ ನನ್ನ ಬಾಳೇ ತಡದು ಕುಂತಿ!" ಮೂರನೇ ದಿನ ಅತ್ತೆಯೇ ರೊಟ್ಟಿ ಬಡಿಯುತ್ತ, "ಮತ್ತೊಂದ್ಸಲ ಟೈಮ್ ತಗೋ," ಎಂದಳು. ಈ ಸಲ ಒರೆಸುತ್ತೀಯಾ ಎಂದರೆ, "ಅವತ್ತಿನ ಮಾತು ಅವತ್ತು."

*

"ಲಕ್ವಾ ಹೊಡದೈತಿ, ಮಾತಿಲ್ಲ ಅನ್ನು," ಎಂದ ಮಡಿವಾಳಪ್ಪ. "ನಿನ್ನ ಸಲುವಾಗೇ ಹೇಳಾಕತ್ತೀನಿ ಮಗಳ." ಆ ಮನುಷ್ಯ ಅಪರೂಪಕ್ಕೆ ನಿಜ ಹೇಳುತ್ತಿದ್ದ. ಅಪರೂಪದ್ದಾದ್ದರಿಂದ ಯಾರಿಗೂ ಗುರುತು ಸಿಗಲಿಲ್ಲ.

ಫೋನು ಸಮಯಕ್ಕೆ ಸರಿಯಾಗಿ ಬಂತು. ಸ್ಫೂರ್ತಿಯ ಕೈ ತಾನಾಗಿ ಅದನ್ನು ಅತ್ತೆಯ ಮುಖದೆದುರು ಹಿಡಿಯಿತು. ಅದೇ ಹುಡುಗಿ.

"ಅಮ್ಮಾಜಿ, ಊಟ ಆಯ್ತಾ?"

"ಲಕ್ವಾ ಮೇಡಂ! ಬಾತ್ ನಹೀಂ! ದವಾ ಖಾಯಾ, ನೀಂದ್!" ಎಂದು ಮಡಿವಾಳಪ್ಪ ಪಕ್ಕದಿಂದ ತನಗೆ ಗೊತ್ತಿದ್ದ ಹಿಂದಿಯನ್ನೆಲ್ಲ ಒಮ್ಮೆಲೆ ಖರ್ಚು ಮಾಡಿದ.

ಹುಡುಗಿ ಅಯ್ಯೋ ಎಂದಳು. ಏನೋ ಟೈಪು ಮಾಡಿದಳು. ಕಾಯಿಲೆಯವರು ಮಾತಾಡಬೇಕಿಲ್ಲ, ತಲೆ ತಿರುಗಿಸಬೇಕಿಲ್ಲ, ಮುಖ ಹೊಂದಿದರೆ ಸಾಕು ಎಂದಳು. ಎರಡು ವರ್ಷದಲ್ಲಿ ಆ ಬ್ಯಾಂಕು ತೋರಿದ ಮೊದಲ ಉದಾರತೆ. ಪರದೆಯ ಮೇಲೆ ಅನ್ನಪೂರ್ಣವ್ವನ ಮುಖದ ಸುತ್ತ ಹಸಿರು ಗೆರೆ ಮೂಡಿತು. ಮೂರು ಮೂಲೆ ಕೂಡಿತು, ನಾಲ್ಕನೆಯದು ಮಿಣುಕುತ್ತ ನಿಂತಿತು.

"ದೀದಿ, ಹಣೆ ಮಾತ್ರ..." ಎಂದಳು ಹುಡುಗಿ, ಸಂಕೋಚದಿಂದ. "ಇವತ್ತು ನೀವೇ ಒರೆಸಿಬಿಡಿ."

"ಒರಸು ಒರಸು, ಹೊತ್ತು ಮಾಡಬ್ಯಾಡ," ಎಂದು ಮಾದೇವ ಪಿಸುಗುಟ್ಟಿದ.

ಮಡಿವಾಳಪ್ಪ ಹೆಗಲ ಮೇಲಿನ ಪಂಜೆಯ ತುದಿಯನ್ನು ತಂಬಿಗೆಯಲ್ಲಿ ಅದ್ದಿ, ಅಕ್ಕನ ಹಣೆಯ ಬಲ ತುದಿಗೆ ಒತ್ತಿದ. ಬಿಳಿ ಬೂದುನೀರಾಗಿ ಹುಬ್ಬಿಗೆ ಇಳಿಯಿತು. ಎರಡು ಬೆರಳಗಲ ಬರಿ ಚರ್ಮ ಕಂಡಿತು. ಪಾಸ್‌ಪೋರ್ಟಿನ ಹೆಂಗಸು ಆ ತೇಪೆಯೊಳಗಿಂದ ಇಣುಕುತ್ತಿದ್ದಳು.

"ಮೇಡಂ," ಎಂದಳು ಸ್ಫೂರ್ತಿ ಹಿಂದಿಯಲ್ಲಿ, "ಇವರು ನಿನ್ನೆ ಸಂಜೆ ತೀರಿಕೊಂಡರು."

"ಸ್ಫೂರ್ತೀ!"

ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಕೈ ತೆಗೆದು, ಎದುರಿದ್ದ ಯಾವುದೋ ಹಾಳೆ ನೋಡಿ, ಸಂಸ್ಥೆಯ ಪರವಾಗಿ ಸಂತಾಪ ಓದಿದಳು. ಖಾತೆ ಈ ಕ್ಷಣದಿಂದ ಸ್ತಬ್ಧವಾಗುತ್ತದೆಂದೂ ಓದಿದಳು. ಪರದೆ ಕಪ್ಪಾಯಿತು. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆ ಬಂತು.

"ಹತ್ತೂವರಿ ಲಕ್ಷ!" ಮಡಿವಾಳಪ್ಪನ ದನಿ ಒಡೆಯಿತು. "ಹುಚ್ಚಿ! ಯಾರ ಗಂಟಂತ ತಿಳದಿ ಅದು?"

"ನಂದು," ಎಂದಳು ಸ್ಫೂರ್ತಿ. "ನಂದಿತ್ತು. ಪಂಜಿ ಕೆಳಗಿಡು."

ಅವನು ಇಟ್ಟ. ಮಾದೇವ, ಹಾಗಾದರೆ ಹಾನಗಲ್ಲಿಗೆ ತಿಳಿಸಬೇಕಾಗುತ್ತದೆ ಎಂದದ್ದು ಯಾರಿಗೂ ಕೇಳಿಸಲಿಲ್ಲ. ಭಜನೆಯ ಮುದುಕನೊಬ್ಬ ಬೇಕೆಂದೇ ತಾಳವನ್ನು ಜೋರಾಗಿ ಬಡಿದಿದ್ದ.

*

ಹೊಲದ ಅಂಚಿನಲ್ಲಿ ಗುಣಿ ತೋಡಿತ್ತು. ಗುಣಿಯ ತಳದಲ್ಲಿ, ಪಕ್ಕಕ್ಕೆ, ಒಬ್ಬರು ಕೂರುವಷ್ಟು ಗೂಡು. ಒಳಗಿಳಿದು ಕೂರಿಸುವ ಕೆಲಸ ತಮ್ಮನದು.

"ಒಳಗೇನೂ ಕಾಣವಲ್ದು," ಎಂದು ಮಡಿವಾಳಪ್ಪ ಕೆಳಗಿನಿಂದ ಕೂಗಿದ. "ಬ್ಯಾಟರಿ ಐತೇನ್ರಿ ಯಾರ ಹಂತ್ಯಾಕರ?"

ಕೇಳಿದ್ದು ಊರವರನ್ನು, ಮಗಳನ್ನಲ್ಲ. ಸ್ಫೂರ್ತಿ ಮಣ್ಣಿನ ಅಂಚಿನಲ್ಲಿ ಮಂಡಿಯೂರಿ, ಅತ್ತೆಯ ಫೋನಿನ ದೀಪ ಹಚ್ಚಿ, ಗುಣಿಯೊಳಕ್ಕೆ ಕೈ ಚಾಚಿದಳು. ಆ ಬೆಳಕಿನಲ್ಲಿ ಮಡಿವಾಳಪ್ಪ ಅಕ್ಕನ ಮಂಡಿ ಸರಿಮಾಡಿದ, ಬೆನ್ನು ಆನಿಸಿದ, ಸೆರಗಿನ ಮೇಲೆ ಬಿದ್ದ ಮಣ್ಣು ಕೊಡವಿದ.

"ಆತಲ್ಲ, ಬಾ ಮ್ಯಾಲೆ," ಎಂದರು. ಹಿಡಿದೆತ್ತಲು ನಾಲ್ಕು ಕೈ ಕೆಳಗಿಳಿದವು. ಅವನು ಒಂದನ್ನೂ ಹಿಡಿಯಲಿಲ್ಲ.

"ತಡೀರಿ," ಎಂದ. ಗೂಡಿನೆದುರು, ಅಷ್ಟೇ ಜಾಗದಲ್ಲಿ, ಮೊಣಕಾಲು ಎದೆಗೆ ಮಡಚಿಕೊಂಡು ತಾನೂ ಕೂತುಬಿಟ್ಟ. ಮೇಲೆ ನಿಂತವರಿಗೆ ಅವನ ನೆತ್ತಿಯ ಬೋಳು ಮಾತ್ರ ಕಾಣುತ್ತಿತ್ತು.

ಫೋನು ಅಂಗೈಯಲ್ಲಿ ನಡುಗಿತು. ಪರಿಶೀಲನೆ ಪೂರ್ಣವಾಗಿಲ್ಲ, ಮುಂದಿನ ಸಮಯ ಒಂಬತ್ತು ವಾರದ ನಂತರ ಲಭ್ಯ ಎಂದು ಬ್ಯಾಂಕಿನ ಯಂತ್ರ ಬರೆದಿತ್ತು. ಸ್ಫೂರ್ತಿ ತಿರುಗಿಸಿ ಓದಲಿಲ್ಲ. ಸೋತ ಬಲಗೈಯ ಮೊಣಕೈಗೆ ಎಡಗೈ ಕೊಟ್ಟುಕೊಂಡು, ಬೆಳಕು ಅಲುಗದಂತೆ ಹಿಡಿದೇ ಇದ್ದಳು.