ಎಣಿಸಿದವಳು ಎಲ್ಲಿ ಮಲಗಿದ್ದಳು

ಜನಗಣತಿಯ ಕೆಲಸ ಹೆಗಲಿಗೆ ಬಿದ್ದಾಗ ಶಾಲೆಯಲ್ಲಿ ಎಲ್ಲರೂ ಮುಖ ಸಿಂಡರಿಸಿದರು, ಲೆಕ್ಕದ ಟೀಚರ್ ಒಬ್ಬಳನ್ನು ಬಿಟ್ಟು. ಆಕೆಗೆ ಅದು ಪ್ರೀತಿಯ ಕೆಲಸ. ಹಳೆಯ ಗಣತಿಯ ಹಾಳೆಗಳನ್ನು ಸರ್ಕಾರ ಜನರಿಗೆ ತೆರೆದಿಟ್ಟಿದ್ದೇ ತಡ, ಆಕೆ ಹಿಂದಿನ ರಜೆಯನ್ನೆಲ್ಲ ದಾಖಲೆಗಳ ಕಚೇರಿಯಲ್ಲಿ ಧೂಳು ಕುಡಿಯುತ್ತ ಕಳೆದು ಅಜ್ಜಿಯ ಅಪ್ಪನ ಮನೆಯ ಹಾಳೆ ಹುಡುಕಿ ತೆಗೆದಿದ್ದಳು. ಮುತ್ತಜ್ಜ ಬಡಗಿ, ಒಂದು ಕಣ್ಣು ಮಂದ, ಮನೆಗೆ ಎರಡು ಕೋಣೆ, ಉರಿಯುವುದು ಸೀಮೆಎಣ್ಣೆ ದೀಪ. ಸತ್ತವರ ಮನೆಯೊಳಗೆ ಹೋಗಿ ಒಂದು ಗಳಿಗೆ ಕೂತು ಬಂದ ಹಾಗಾಗಿತ್ತು. "ಇವತ್ತು ನೀವು ಹೇಳೋದನ್ನ ಮುಂದೊಂದು ದಿನ ನಿಮ್ಮ ಮರಿಮಗಳು ಹುಡುಕ್ಕೊಂಡು ಬರ್ತಾಳೆ, ನೆಟ್ಟಗೆ ಹೇಳಿ" ಎಂದು ಈಗ ಪ್ರತಿ ಮನೆಯ ಬಾಗಿಲಲ್ಲೂ ಉಪದೇಶ ಮಾಡುತ್ತಿದ್ದಳು.

ಆ ಹಳೆಯ ಹಾಳೆ ಒಂದು ಮಾತಿಗೆ ಮಾತ್ರ ಸಾಕ್ಷಿ ಹೇಳಿರಲಿಲ್ಲ. ಟೀಚರನ್ನು ಸಾಕಿ ಬೆಳೆಸಿದ್ದು ತಾಯಿಯ ತಾಯಿ. ಈಗ ಇವಳ ಜೊತೆಯಲ್ಲೇ ಇದ್ದಾಳೆ. ತನಗೊಬ್ಬಳು ಅಕ್ಕ ಇದ್ದಳೆಂದು ಆ ಅಜ್ಜಿ ಜೀವಮಾನವಿಡೀ ಹೇಳಿಕೊಂಡು ಬಂದಿದ್ದಳು. ಹಾಳೆಯಲ್ಲಿ ಇದ್ದದ್ದು ಅಪ್ಪ, ಅಮ್ಮ, ನಾಲ್ಕು ವರ್ಷದ ಅಜ್ಜಿ. ಅವರ ಕೆಳಗಿನ ಸಾಲಿನಲ್ಲಿ ಯಾವುದೋ ಮಗು ಗೀಚಿದ ಸೊಟ್ಟಂಬಟ್ಟ ಗೆರೆಗಳು.

"ನಿಂಗೆ ಅಕ್ಕ ಇರಲಿಲ್ಲ ಅಜ್ಜಿ. ಕಾಗದದಲ್ಲಿ ಇಲ್ಲ."

"ಆ ಕಾಗದ ಬರೆದವರ್ಯಾರು ಅಂತ ಕೇಳಿದ್ಯಾ?" ಎಂದಿದ್ದಳು ಅಜ್ಜಿ, ಗೋಡೆಯ ಕಡೆ ತಿರುಗಿ ಮಲಗುತ್ತ. ಪಾಪ, ಅರಳುಮರಳು ಎಂದುಕೊಂಡು ಟೀಚರ್ ದೀಪ ಆರಿಸಿದ್ದಳು.

ಗಣತಿಗೆ ಒಂದು ನಿಯಮ. ಗೊತ್ತುಮಾಡಿದ ಒಂದು ರಾತ್ರಿ ಯಾರು ಯಾವ ಸೂರಿನಡಿ ಮಲಗಿದ್ದರೋ ಅವರನ್ನು ಅಲ್ಲೇ ಬರೆಯಬೇಕು. ಸೂರೇ ಇಲ್ಲದವರನ್ನು ಆ ರಾತ್ರಿಯೇ ಹೋಗಿ ಎಣಿಸಬೇಕು. ಆ ಪಾಳಿ ಟೀಚರ್ ತಲೆಗೆ ಬಂತು. ಬಸ್ ನಿಲ್ದಾಣದ ಬೆಂಚು, ಸೇತುವೆಯ ಅಡಿ, ಅಂಗಡಿಗಳ ಜಗಲಿ ಎಲ್ಲ ಸುತ್ತಿ ಆಕೆ ಮನೆ ಸೇರಿದಾಗ ಬೆಳಗಾಗಿತ್ತು. ತನ್ನ ಮನೆಯ ಹಾಳೆಯಲ್ಲಿ ಗಂಡ, ಮಗಳು, ಅಜ್ಜಿ ಎಂದು ಬರೆದು ಪೆನ್ನು ನಿಲ್ಲಿಸಿದಳು. ತಾನು ಆ ರಾತ್ರಿ ಇಲ್ಲಿ ಮಲಗಿರಲಿಲ್ಲವಲ್ಲ! ಎಣಿಸುವವರನ್ನು ಕಚೇರಿಯವರು ಬರೆದುಕೊಳ್ಳುತ್ತಾರೆ ಎಂದು ಆಕೆ ಅಂದುಕೊಂಡಳು. ಅವರವರ ಮನೆಯಲ್ಲಿ ಸೇರಿರುತ್ತಾರೆ ಎಂದು ಕಚೇರಿಯವರು ಅಂದುಕೊಂಡರು. ನಿಯಮವನ್ನು ಗಿಣಿಪಾಠದಂತೆ ಒಪ್ಪಿಸುವವರೇ ಇಂಥ ಹಳ್ಳಕ್ಕೆ ಬೀಳುವುದು. ಸೋಮಾರಿಯಾಗಿದ್ದರೆ ಕಣ್ಣು ಮುಚ್ಚಿ ನಾಲ್ವರು ಎಂದು ಬರೆದು ಹೊದ್ದು ಮಲಗಿರುತ್ತಿದ್ದಳು.

ಮೊದಲು ಎಲ್ಲ ಸಣ್ಣಪುಟ್ಟದ್ದೇ. ಗಂಡ ಮೂರೇ ಲೋಟ ಚಹಾ ಸೋಸಿದ. "ನಂಗೆಲ್ಲಿ?" ಎಂದರೆ ಪೇಪರಿನಿಂದ ತಲೆ ಎತ್ತಲಿಲ್ಲ. ಹೆಂಡತಿಯ ಮಾತು ಕಿವಿಗೆ ಬೀಳದಿರುವುದು ಗಂಡಂದಿರಿಗೆ ಹೊಸ ಕಾಯಿಲೆಯೇನಲ್ಲ. ಆಕೆ ತಾನೇ ಮಾಡಿಕೊಂಡು ಕುಡಿದಳು. ಬಸ್ಸಿಗೆ ಕೈ ಅಡ್ಡ ಹಿಡಿದರೆ ಡ್ರೈವರ್ ನೋಡದೆ ಹೋದ. ಶಾಲೆಯಲ್ಲಿ ಆಕೆ ಬೋರ್ಡಿನ ಮುಂದೆ ನಿಂತಿರುವಾಗಲೇ ಡ್ರಿಲ್ ಮಾಸ್ತರು ಬಂದು, "ಲೆಕ್ಕಕ್ಕೆ ಯಾರೂ ಇಲ್ವಂತೆ, ಗಲಾಟೆ ಮಾಡ್ದೆ ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದುಕೊಂಡರು. ಮನೆಮನೆ ಸುತ್ತುವಾಗ ಜನ ಉತ್ತರ ಕೊಡುತ್ತಿದ್ದರು, ನಿಜ. ಆದರೆ ಅವರ ಕಣ್ಣು ಆಕೆಯ ಮುಖದ ಮೇಲಿರುತ್ತಿರಲಿಲ್ಲ. ಎಲ್ಲರೂ ಹಾಳೆಯ ಜೊತೆ ಮಾತಾಡುತ್ತಿದ್ದರು.

ಹೊರಗೆ ಒಬ್ಬಳೇ ಒಬ್ಬಳು ಆಕೆಯ ಮುಖ ನೋಡುತ್ತಿದ್ದಳು. ಪ್ರತಿ ಬೀದಿಯ ಕೊನೆಯಲ್ಲೂ ಯಾವುದಾದರೊಂದು ಬಾಗಿಲಿಗೆ ಒರಗಿ ನಿಂತಿರುತ್ತಿದ್ದ ಎಳೆಯ ಪ್ರಾಯದ ಹುಡುಗಿ, ಬೆರಳ ತುಂಬ ಮಸಿ. ಆ ಮನೆಗಳಲ್ಲಿ ಕೇಳಿದರೆ, ನಮ್ಮಲ್ಲಿ ಅಂಥ ಹುಡುಗಿ ಇಲ್ಲ ಎನ್ನುತ್ತಿದ್ದರು.

ಕೊನೆಯ ದಿನ ಮಧ್ಯಾಹ್ನ ಮಗಳು ಬಾಚಣಿಗೆ ಹಿಡಿದು ನಡುಮನೆಗೆ ಬಂದಳು. ಕೂದಲು ಹಕ್ಕಿಗೂಡು.

"ಅಪ್ಪಾ, ನಂಗೆ ದಿನಾ ಯಾರು ಜಡೆ ಹಾಕ್ತಿದ್ರು?"

ಗಂಡ ಮಗಳ ತಲೆ ನೋಡಿದ. "ನೀನೇ ಹಾಕ್ಕೋತಿದ್ದೆ ಅಲ್ವಾ?"

ಟೀಚರ್ ಎದ್ದು ಓಡಿ ಬಂದಳು. "ನಾನು ಕಣೇ! ನಾನು!" ಎಂದು ಕೂಗಿ ಮಗಳ ಭುಜ ಹಿಡಿದಳು. ಮಗಳು ಮೈ ನಡುಗಿಸಿ, "ಚಳಿ" ಎಂದು ಹೋಗಿ ಕಿಟಕಿ ಮುಚ್ಚಿದಳು.

ಆಗ ಹೊಳೆಯಿತು ಆಕೆಗೆ. ಓಡಿಹೋಗಿ ಹಾಳೆ ತೆಗೆದು ನಾಲ್ಕನೆಯ ಸಾಲಿನಲ್ಲಿ ತನ್ನ ಹೆಸರು ಬರೆದಳು. ಬರೆದಂತೆ ಬರೆದಂತೆ ಅಕ್ಷರ ಅಳಿಸಿಹೋಯಿತು. ಒತ್ತಿ ಬರೆದಳು, ಕಾಗದ ಬೆಳ್ಳಗೇ ಉಳಿಯಿತು. ಅಷ್ಟರಲ್ಲಿ ಗಣತಿಯ ಮೇಲ್ವಿಚಾರಕ ಬಂದು ಕಟ್ಟು ತಿರುವಿ ಹಾಕಿ, "ಈ ಮನೇಲಿ ಮೂರು ಜನ. ಸರಿ. ಪಕ್ಕದ ಬೀದಿ ಮುಗಿಸಿ ಬಂದು ಕಟ್ಟು ತಗೊಂಡು ಹೋಗ್ತೀನಿ, ಇವತ್ತೇ ಮೊಹರು ಹಾಕ್ತಾರೆ" ಎಂದು ಗಂಡನಿಗೆ ಹೇಳಿ ಹೋದ. ಮೊಹರು ಬಿದ್ದರೆ ಮುಗಿಯಿತು. ಮಗಳ ಪಾಲಿಗೆ ಇನ್ನು ಅಮ್ಮನೆಂಬುವಳು ಹುಟ್ಟೇ ಇಲ್ಲ. ಆಕೆ ನೆಲದ ಮೇಲೆ ಕುಸಿದು ಅಳತೊಡಗಿದಳು.

"ಪುಟ್ಟಿ, ಅಳಬೇಡ. ಕಾಗದ ತಗೊಂಡು ಬಾ ಇಲ್ಲಿ."

ಒಳಕೋಣೆಯಿಂದ ಅಜ್ಜಿ. ನೇರವಾಗಿ ಇವಳ ಮುಖ ನೋಡುತ್ತಿದ್ದಳು.

"ನಮ್ಮಕ್ಕನಿಗೂ ಹೀಗೇ ಆಯ್ತು. ಬೀದೀಲಿ ಓದು ಬರಹ ಬರ್ತಿದ್ದ ಹುಡುಗಿ ಅವಳೊಬ್ಬಳೇ ಅಂತ ಎಣಿಸೋ ಕೆಲಸ ಕೊಟ್ರು. ಎಲ್ಲರನ್ನೂ ಬರೆದಳು, ತನ್ನನ್ನ ಬಿಟ್ಟಳು. ಅಮ್ಮ ತಟ್ಟೆ ಇಡೋದು ನಿಲ್ಲಿಸಿದ್ರು. ಅಪ್ಪ ಅವಳ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿದ್ರು. ನಂಗೊಬ್ಬಳಿಗೇ ಅವಳು ಕಾಣ್ತಿದ್ದಳು. ಪೆನ್ನು ಕೈಗೆ ಕೊಟ್ಟು, ಬರಿಯೇ, ನನ್ನ ಹೆಸರು ಬರಿ ಅಂತ ಬೇಡ್ಕೊಂಡಳು. ನಾಲ್ಕು ವರ್ಷದ ಕೂಸಿಗೆ ಏನು ಬರುತ್ತೆ? ಗೀಚಿದೆ." ಅಜ್ಜಿ ಕೈ ಚಾಚಿದಳು. "ಆಮೇಲೆ ಹಟ ಹಿಡಿದು ಅಕ್ಷರ ಕಲಿತೆ. ನಿಮ್ಮ ತಾತ ನಗ್ತಿದ್ರು, ನೀನೇನು ಕಲೆಕ್ಟರ್ ಆಗ್ತೀಯಾ ಅಂತ. ಕೊಡು ಪೆನ್ನು. ತನ್ನನ್ನ ತಾನೇ ಎಣಿಸ್ಕೊಳ್ಳೋಕೆ ಆಗಲ್ಲ, ಇನ್ನೊಬ್ಬರು ಕೇಳಿ ಬರೀಬೇಕು. ಹೇಳು, ಹೆಸರು?"

ಟೀಚರ್ ಹೇಳಿದಳು. ಅಜ್ಜಿಯ ಕೈ ಗಡಗಡ ನಡುಗುತ್ತಿತ್ತು, ಆದರೆ ಅಕ್ಷರ ನಿಂತಿತು. ವಯಸ್ಸು. ಕೆಲಸ. ಹೊರಗೆ ಮೇಲ್ವಿಚಾರಕನ ಬೈಕು ಬಂದು ನಿಂತ ಸದ್ದು.

"ಆ ರಾತ್ರಿ ಎಲ್ಲಿ ಮಲಗಿದ್ದೆ?"

"ಎಲ್ಲೂ ಮಲಗಿಲ್ಲ ಅಜ್ಜಿ. ಬೀದೀಲಿ ಜನರನ್ನ ಎಣಿಸ್ತಿದ್ದೆ."

"ಹಾಗೇ ಬರೀತೀನಿ. ಸುಳ್ಳು ಯಾಕೆ?"

ಬರೆದು ಮುಗಿಯುತ್ತಲೇ ನಡುಮನೆಯಿಂದ ಗಂಡನ ಕೂಗು ಬಂತು. "ಎಲ್ಲಿದ್ಯೇ? ಮೇಲ್ವಿಚಾರಕರು ಬಂದಿದ್ದಾರೆ, ಕಟ್ಟು ಎಲ್ಲಿಟ್ಟಿದ್ದೀಯ?" ಇಷ್ಟು ವರ್ಷದಲ್ಲಿ ಗಂಡನ ಸಿಡುಕು ಆಕೆಗೆ ಇಷ್ಟು ಇಂಪಾಗಿ ಯಾವತ್ತೂ ಕೇಳಿಸಿರಲಿಲ್ಲ. ಮೂರು ಸಲ "ಇಲ್ಲಿದ್ದೀನಿ" ಎಂದಳು. ಅಜ್ಜಿಯಿಂದ ಹಾಳೆ, ಪೆನ್ನು ಇಸಿದುಕೊಂಡು ಹೊರಗೆ ಬಂದಳು.

ಬೆಳಕಿಗೆ ಹಿಡಿದಾಗ ಕಂಡಿತು, ತನ್ನ ಹೆಸರಿನ ಕೆಳಗೆ ಇನ್ನೊಂದು ಸಾಲು. ಅದೇ ನಡುಗುವ ಅಕ್ಷರ. ಸಂಬಂಧ: ಅಕ್ಕ. ವಯಸ್ಸು: ಹದಿನೇಳು. ಆ ರಾತ್ರಿ ಮಲಗಿದ್ದು: ನನ್ನ ಮಗ್ಗುಲಲ್ಲಿ.

ಇದು ನಿಯಮಕ್ಕೆ ವಿರುದ್ಧ. ಸತ್ತವರನ್ನು, ಕಾಣದವರನ್ನು ಬರೆಯುವಂತಿಲ್ಲ. ಹೊಡೆದುಹಾಕಲು ಪೆನ್ನು ಎತ್ತಿದಳು.

ಅಷ್ಟರಲ್ಲಿ ಮಗಳು ಒಳಕೋಣೆಯಿಂದ ಕುಣಿಯುತ್ತ ಬಂದಳು. ಬೈತಲೆ ನೇರ, ಎರಡು ಜಡೆ, ಒಂದು ಕೂದಲೂ ಆಚೀಚೆ ಇಲ್ಲ.

"ಯಾರೇ ಹಾಕಿದ್ದು? ಅಜ್ಜಿನಾ?"

"ಅಜ್ಜಿ ಅಳ್ತಾ ಕೂತಿದ್ದಾರೆ. ಅಲ್ಲಿರೋ ಅಕ್ಕ ಹಾಕಿದ್ದು. ನೋಡಮ್ಮ, ಟೇಪಿಗೆಲ್ಲ ಮಸಿ ಮಾಡಿಬಿಟ್ಟಳು."

ಬಿಳಿ ಟೇಪಿನ ಮೇಲೆ ಬೆರಳ ಗುರುತುಗಳು ಇನ್ನೂ ಹಸಿಯಾಗಿದ್ದವು. ಮುಂದೊಂದು ದಿನ ಯಾವಳೋ ಮರಿಮಗಳು ಈ ಸಾಲಿನ ಮೇಲೆ ಬೆರಳಿಟ್ಟು ತಬ್ಬಿಬ್ಬಾಗುತ್ತಾಳೆ. ಆಗಲಿ, ಹುಡುಕಲಿ. ಟೀಚರ್ ಪೆನ್ನಿಗೆ ಮುಚ್ಚಳ ಹಾಕಿ ಹಾಳೆಯನ್ನು ಕಟ್ಟಿಗೆ ಸೇರಿಸಿ ಕೊಟ್ಟಳು.

"ಈ ಮನೇಲಿ ಐದು ಜನ. ಸರಿ" ಎಂದ ಮೇಲ್ವಿಚಾರಕ, ಮೊದಲಿಂದಲೂ ಹಾಗೇ ಇದ್ದಂತೆ.

ಗಂಡ ಚಹಾಕ್ಕೆ ನೀರಿಟ್ಟು, ಯಾರನ್ನೂ ಕೇಳದೆ, ಮನೆಯವರಿಗೆಂದು ಐದು ಲೋಟ ತೆಗೆದಿಟ್ಟ.