ಹೆದ್ದಾರಿಗೆ ಬಿದ್ದ ಸೈಕಲ್

ಮನೆಯಲ್ಲಿ ಎರಡು ಸೈಕಲ್. ಕಾರಿನಲ್ಲಿ ಇರುವುದು ಎರಡೇ ಸೀಟು. ಈಗ ಸೈಕಲ್ ಒಯ್ಯುವುದು ಹೇಗೆ? ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ವೈಶಾಲಿ ಮತ್ತು ಅವಳ ಗಂಡ ಶ್ರೀಕಾಂತನಿಗೆ ಇದ್ದ ತಾಪತ್ರಯ ಇಷ್ಟೇ.

ಶ್ರೀಕಾಂತ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ಕೆಲಸಕ್ಕೆ ಹೋಗಿ ಬರಲು ಕಂಪನಿ ಬಸ್ಸು ಇತ್ತು. ಕಾರು ಬೇಕಾಗುತ್ತಿದ್ದದ್ದು ರಜೆಯ ದಿನ ಮಾತ್ರ. ಆದರೂ ಅವನಿಗೆ ಒಂದು ಹುಚ್ಚು, ಹೊಟ್ಟೆ ನೆಲಕ್ಕೆ ತಾಗುವಂತೆ ಓಡುವ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನದು. ಗೋವಾದಲ್ಲಿ ಯಾರೋ ಓಡಿಸಿ ಬಿಟ್ಟ ಕೆಂಪು ಕಾರೊಂದು ಸಿಕ್ಕಿತು, ತಂದೇಬಿಟ್ಟ. ಅದರ ಮೇಲೆ ಧೂಳು ಕೂತರೂ ಅವನಿಗೆ ತಡೆಯುತ್ತಿರಲಿಲ್ಲ.

ವೈಶಾಲಿಯ ಹುಚ್ಚು ಸೈಕಲ್ಲಿನದು. ಬೆನ್ನುನೋವಿಗೆಂದು ಶುರು ಮಾಡಿದ ಸವಾರಿ ಅವಳನ್ನು ಬಿಡಲೇ ಇಲ್ಲ. ಭಾನುವಾರ ಬೆಳಿಗ್ಗೆ ಅಂಕೋಲೆಯಲ್ಲಿ ಒಂದಷ್ಟು ಜನ ಸೇರಿ ಬೆಳಂಬಾರದ ಕಡಲ ತಡಿಯವರೆಗೆ ಸೈಕಲ್ ಹೊಡೆಯುತ್ತಾರೆ. ತಾನೂ ಹೋಗಬೇಕೆಂದು ಅವಳು ಹಟ ಹಿಡಿದಳು. ಶ್ರೀಕಾಂತ ಮೊಬೈಲಿನಲ್ಲೇ ಹುಡುಕಿ ಒಂದು ರ‍್ಯಾಕು ತರಿಸಿದ. ಡಿಕ್ಕಿಯ ಅಂಚಿಗೆ ಕೊಕ್ಕೆ ಸಿಕ್ಕಿಸಿ, ಪಟ್ಟಿ ಎಳೆದು ಕಟ್ಟುವಂಥದ್ದು. ಅದರ ಎರಡು ತೋಳಿನ ಮೇಲೆ ಸೈಕಲ್ ತೂಗುಹಾಕಬೇಕು. ಎಲ್ಲ ಕಾರಿಗೂ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು.

ಮೊದಲ ಭಾನುವಾರವೇ ಎರಡೂ ಸೈಕಲ್ ಕಟ್ಟಿಕೊಂಡು ಹೋದರು. ಬೆಳಂಬಾರದ ಸವಾರಿ ಚೆನ್ನಾಗಿಯೇ ಆಯಿತು. ಅಂಕೋಲೆಗೆ ಮರಳಿ, ಮನೆಗೆ ಹೊರಡಲು ಸೈಕಲ್ ಕಟ್ಟುತ್ತಿದ್ದಾಗ ರೋಷನ ಹತ್ತಿರ ಬಂದ. ಅಂಕೋಲೆಯವನು, ಶ್ರೀಕಾಂತನ ಜೊತೆಗೇ ಕೆಲಸ ಮಾಡುವವನು. ಗಾಡಿಗೆ ಸೈಕಲ್ ಹೇರಿಕೊಂಡು ಊರೂರು ತಿರುಗಿದವನು. ಬಂದವನೇ ಹೊರಗಿನ ಸೈಕಲ್ಲಿನ ಹ್ಯಾಂಡಲ್ ಹಿಡಿದು ಅಲ್ಲಾಡಿಸಿದ.

"ಇಲ್ಲಿ ನೋಡು ಮಾರಾಯಾ. ನಾ ಎಳೆದ್ರೆ ಸೈಕಲ್ ಒಂದೇ ಅಲ್ಲಾಡ್ತದೆ. ಸಮಾ ಕಟ್ಟಿದ್ರೆ ಸೈಕಲ್ ಎಳೆದಾಗ ಕಾರೇ ಅಲ್ಲಾಡ್ಬೇಕು."

"ಬರೂವಾಗ ಹಿಂಗೇ ಬಂದದ್ದಲ್ಲ? ಏನಾಯ್ತು?" ಎಂದ ಶ್ರೀಕಾಂತ.

"ಬರೂವಾಗ ಬೀಳಲಿಲ್ಲ ಹೇಳಿ ಹೋಗೂವಾಗ ಬೀಳೂದಿಲ್ಲ ಹೇಳಿ ಉಂಟಾ? ಮೇಲಿನ ಕೊಕ್ಕೆ ಎಲ್ಲಿ ಸಿಕ್ಸಿದ್ದೆ ನೋಡು. ಡಿಕ್ಕಿ ಮೇಲೆ ಎದ್ದು ನಿಂತ ಈ ರೆಕ್ಕೆಗೆ. ಇದು ಬರೀ ಪ್ಲಾಸ್ಟಿಕ್ಕು. ಕೊಕ್ಕೆ ತಗಡಿನ ಅಂಚಿಗೇ ಕೂತ್ಕೊಳ್ಬೇಕು. ನಿನ್ ಕಾರಿನ ಡಿಕ್ಕಿ ಹಿಂಗೆ ಇಳಿಜಾರು, ಅಂಚೇ ಇಲ್ಲ. ಈ ರ‍್ಯಾಕು ಇದ್ಕೆ ಆಗೂದೇ ಇಲ್ಲ."

"ಎಲ್ಲಾ ಕಾರಿಗೂ ಆಗ್ತದೆ ಹೇಳಿ ಡಬ್ಬಿ ಮೇಲೇ ಬರ್ದಿತ್ತು."

"ಡಬ್ಬಿ ಮೇಲೆ ಬರ್ದವ ನಿನ್ ಸಂಗಡ ಹೆದ್ದಾರಿಗೆ ಬರ್ತಾನಾ? ಕಾರು ಮಾಡಿದವ್ರು ಎಂತ ಹೇಳಿದ್ರು ಅದ್ನ ನೋಡ್ಬೇಕು. ಮತ್ತೆ ನಿನ್ ನಂಬರ್ ಪ್ಲೇಟು ಎಲ್ಲಿದೆ? ಬ್ರೇಕ್ ಲೈಟು ಎಲ್ಲಿದೆ? ಎಲ್ಲ ಸೈಕಲ್ ಹಿಂದೆ ಮುಚ್ಚಿ ಹೋಗಿದೆ. ಹಿಂದೆ ಬರೂವವ್ಗೆ ನೀ ಬ್ರೇಕ್ ಹಾಕಿದ್ದು ಗೊತ್ತಾಗೂದು ಹೆಂಗೆ?"

ಶ್ರೀಕಾಂತ ನಕ್ಕ. ರೋಷನ ಬಿಡಲಿಲ್ಲ. "ಹಿಂಗೆ ಮಾಡ್ವಾ. ಎರಡೂ ಸೈಕಲ್ ನಮ್ಮನೇಲಿ ಬಿಡಿ. ಸಂಜೆ ನಮ್ಮ ವ್ಯಾನಿನ ಒಳಗೆ ಹಾಕಿ ನಾನೇ ತಂದ್ ಕೊಡ್ತೆ."

"ಅದೆಲ್ಲಾ ಯಾಕೆ ಸುಮ್ನೆ?"

"ಹಂಗಾದ್ರೆ ಈ ಹಗ್ಗನಾದ್ರೂ ತಕ್ಕೋ. ಎರಡೂ ಸೈಕಲ್ ಸೇರ್ಸಿ ಕಾರಿಗೆ ಕಟ್ಟು. ಚಕ್ರ ತಿರುಗದ ಹಂಗೆ ಕಟ್ಟು. ಐದು ಕಿಲೋಮೀಟರ್ ಹೋದ್ಮೇಲೆ ನಿಲ್ಸಿ ಪಟ್ಟಿ ಮತ್ತೆ ಬಿಗಿ ಮಾಡು. ಓಡ್ತಾ ಓಡ್ತಾ ಪಟ್ಟಿ ಸಡ್ಲ ಆಗ್ತದೆ."

ಶ್ರೀಕಾಂತ ಹಗ್ಗವನ್ನು ಮುಟ್ಟಿ ನೋಡಿ ವಾಪಸು ಕೊಟ್ಟ. "ಬೇಡ ಬೇಡ. ಒರಟು ಹಗ್ಗ. ಬಣ್ಣಕ್ಕೆ ಗೀರು ಬೀಳ್ತದೆ."

ರೋಷನ ವೈಶಾಲಿಯ ಮುಖ ನೋಡಿದ. ಅವಳಿಗೆ ಅವನ ಮಾತು ಸರಿ ಎನ್ನಿಸಿತ್ತು. ಆದರೆ ಹಸಿವಾಗಿತ್ತು, ಬಿಸಿಲು ಏರುತ್ತಿತ್ತು, ನಾಲ್ಕು ಜನರ ಎದುರು ಗಂಡನ ಮಾತು ತೆಗೆದುಹಾಕಲು ಮನಸ್ಸಾಗಲಿಲ್ಲ. ಸುಮ್ಮನೆ ಕಾರಿನಲ್ಲಿ ಕೂತಳು.

ಹೆದ್ದಾರಿ ಹೆಚ್ಚುಕಡಿಮೆ ಖಾಲಿ ಇತ್ತು, ಅಲ್ಲೊಂದು ಇಲ್ಲೊಂದು ಸ್ಕೂಟರ್ ಅಷ್ಟೇ. ಶ್ರೀಕಾಂತ ವೇಗ ಏರಿಸಿದ. ಅವರ್ಸಾ ದಾಟಿದ ಮೇಲೆ ಹಿಂದುಗಡೆ ಪಟ್ಟಿ ಜೀರುಂಡೆಯ ಹಾಗೆ ಜೀಂಯ್ ಎನ್ನತೊಡಗಿತು.

"ಹಿಂದೆ ಎಂತದೋ ಸದ್ದು ಬತ್ತಾ ಇದ್ದು. ಸ್ವಲ್ಪ ನಿಲ್ಸಿ," ಎಂದಳು ವೈಶಾಲಿ.

"ಗಾಳಿ ಅದು. ಎಂತೂ ಆಗ್ತಿಲ್ಲೆ ಮಾರಾಯ್ತಿ, ಕೂತ್ಕ," ಎಂದು ಶ್ರೀಕಾಂತ ಹಾಡಿನ ಸದ್ದು ಹೆಚ್ಚಿಸಿದ.

ಮುಂದೆ ರಸ್ತೆಯ ಉಬ್ಬೊಂದು ಕಾರನ್ನು ಎತ್ತಿ ಕುಕ್ಕಿತು. ಹಾಡಿನ ನಡುವೆ ಏನೋ ಧಡ್ ಎಂದಂತಾಯಿತು. ವೈಶಾಲಿ ತಿರುಗಿ ನೋಡಿದಳು. ಹಿಂದಿನ ಸಣ್ಣ ಗಾಜಿನಲ್ಲಿ ಒಂದು ಚಕ್ರ ಕಂಡಿತು. ಇನ್ನೊಂದು ಸೈಕಲ್ ಅದರ ಮರೆಯಲ್ಲಿದೆ ಎಂದುಕೊಂಡಳು. ಮತ್ತೆ ಮಾತಾಡಲಿಲ್ಲ.

ಕಾರವಾರದಲ್ಲಿ ತಿಂಡಿಗೆ ಇಳಿದಾಗ ನೋಡಿದರೆ ಸೈಕಲ್ ಒಂದೇ ಇತ್ತು. ಅವಳದು ಇರಲಿಲ್ಲ. ಕೊಕ್ಕೆಯೊಂದು ಕಿತ್ತು ಪಟ್ಟಿಯ ತುದಿಯಲ್ಲಿ ನೇತಾಡುತ್ತಿತ್ತು.

"ಅಯ್ಯೋ, ಹೊಸ ಸೈಕಲ್! ಬೇಗ ಹತ್ತು, ಯಾರಾದ್ರೂ ಹೊತ್ಕಂಡು ಹೋಗಿರ್ತ," ಎಂದು ಶ್ರೀಕಾಂತ ಕಾರು ತಿರುಗಿಸಿದ. ದಾರಿಯುದ್ದಕ್ಕೂ ರ‍್ಯಾಕು ಮಾರಿದವರನ್ನು ಬಯ್ದ. ವೈಶಾಲಿಗೂ ಅದೇ ಚಿಂತೆ. ಹ್ಯಾಂಡಲ್ ಬೆಂಡಾಗಿದೆಯೋ, ಚಕ್ರ ಮುರಿದಿದೆಯೋ ಎಂದೇ ಅವಳು ಯೋಚಿಸುತ್ತಿದ್ದಳು. ಹಿಂದೆ ಯಾರಾದರೂ ಬರುತ್ತಿದ್ದರೋ ಏನೋ ಎಂಬ ಮಾತು, ಸುಳ್ಳು ಹೇಳಬಾರದು, ಇಬ್ಬರಿಗೂ ಹೊಳೆಯಲೇ ಇಲ್ಲ.

ಹಾರವಾಡದ ಹತ್ತಿರ ಆಚೆ ಬದಿಯ ರಸ್ತೆಯಲ್ಲಿ ಜನ ನೆರೆದದ್ದು ಕಂಡಿತು. ಮುಂದೆ ಹೋಗಿ ತಿರುಗಿಸಿಕೊಂಡು ಬಂದರು. ಶ್ರೀಕಾಂತ ಗಾಜು ಇಳಿಸಿ ಕೇಳಿದ, "ಇಲ್ಲೊಂದು ಸೈಕಲ್ ಬಿದ್ದದ್ದು ನೋಡಿದ್ರಾ?"

ರಸ್ತೆ ಬದಿಯ ಮನೆಯ ಬೊಮ್ಮು ಗೌಡ ಎಂಬ ಮುದುಕ ಬಗ್ಗಿ ಕಾರಿನೊಳಗೆ ನೋಡಿದ. ಅವನ ಅಂಗಿಯ ಮೇಲೆ ರಕ್ತವಿತ್ತು.

"ಸೈಕಲ್ ನಿಮ್ದಾ ಒಡ್ಯಾ?"

ಆಗ ವೈಶಾಲಿ ಅತ್ತ ನೋಡಿದಳು. ಒಂದು ಸ್ಕೂಟರ್ ಮಗುಚಿ ಬಿದ್ದಿತ್ತು. ಗೋಣಿಚೀಲ ಒಡೆದು ಹರಿವೆ ಸೊಪ್ಪು, ಬದನೆಕಾಯಿ, ಗೆಣಸು ರಸ್ತೆ ತುಂಬ ಚೆಲ್ಲಿದ್ದವು. ಅವುಗಳ ನಡುವೆ ಅವಳ ಸೈಕಲ್ ಬಿದ್ದಿತ್ತು.

"ಬೆಳಂಬಾರದ ಮಾಬ್ಲ ಗೌಡ," ಎಂದ ಬೊಮ್ಮು. "ಭಾನ್ವಾರದ ಸಂತೆಗೆ ತರಕಾರಿ ತಕ್ಕಂಡ್ ಹೋಗ್ತಿದ್ದ. ಕೆಂಪು ಕಾರಿಂದ ಬಿತ್ತಂತೆ ಸೈಕಲ್ಲು. ಕಾರು ನಿಲ್ಲಿಸ್ದೇ ಹೋಯ್ತು. ನಂಬರೂ ಕಾಣ್ಲಿಲ್ಲ ಯಾರಿಗೂ. ಈಗಷ್ಟೇ ಆಂಬುಲೆನ್ಸ್ ಬಂದು ಕಾರವಾರಕ್ಕೆ ಒಯ್ದ್ರು. ಸೊಂಟದ ಕೆಳಗೆ ಮುಟ್ಟಿದ್ರೂ ಗೊತ್ತಾಗೂದಿಲ್ಲ ಅಂತಿದ್ದ. ಹೇಳಿ ಒಡ್ಯಾ, ಸೈಕಲ್ ನಿಮ್ದಾ?"

"ಅಲ್ಲ... ಸುಮ್ನೆ ಕೇಳ್ದೆ," ಎಂದ ಶ್ರೀಕಾಂತ. ಅವನ ಕೈ ಗೇರಿನ ಮೇಲೆ ಹೋಯಿತು.

ವೈಶಾಲಿ ಬಾಗಿಲು ತೆಗೆದು ಇಳಿದಳು. ಸೊಪ್ಪನ್ನು ತುಳಿಯದೆ ನಡೆಯಲು ಜಾಗವಿರಲಿಲ್ಲ. ಸೈಕಲ್ಲಿನ ಹತ್ತಿರ ಹೋಗಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಇದು ನಂದು. ಬಿದ್ದದ್ದು ನಮ್ಮ ಕಾರಿಂದಲೇ."

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಎಲ್ಲರೂ ಒಮ್ಮೆ ಕಾರನ್ನು, ಒಮ್ಮೆ ಅವಳನ್ನು ನೋಡಿದರು ಅಷ್ಟೇ. ಶ್ರೀಕಾಂತ ಇಳಿದು ಬಂದು ರಸ್ತೆಯ ಅಂಚಿಗೆ ಕೂತ. ಪೊಲೀಸರು ಬಂದಾಗ ಅವನೇ ಎದ್ದು ಹೋಗಿ ನಡೆದದ್ದನ್ನು ಹೇಳಿದ.

ವೈಶಾಲಿ ರಿಕ್ಷಾ ಹತ್ತಿ ಕಾರವಾರದ ಆಸ್ಪತ್ರೆಗೆ ಹೋದಳು. ಬಾಗಿಲಿನ ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕೊರಳ ತುಂಬ ಮಣಿಸರ. ಕೈಗೆ ಇನ್ನೂ ಸೊಪ್ಪಿನ ಮಣ್ಣು. ಅವಳೇ ಮಾಬ್ಲನ ಹೆಂಡತಿ ಸೋಮಿ. ಮೊದಲ ಬಸ್ಸಿಗೆ ಬಂದು ಸಂತೆಯಲ್ಲಿ ಜಾಗ ಹಿಡಿದು, ಗಂಡ ಉಳಿದ ತರಕಾರಿ ತರುತ್ತಾನೆ ಎಂದು ಕಾಯುತ್ತಿದ್ದವಳು. ಅಳುತ್ತಿರಲಿಲ್ಲ. ಪಕ್ಕದಲ್ಲಿ ಯಾರೋ ಬಂದು ಕೂತರೆಂದು ವೈಶಾಲಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇವ್ರು ಮೆಲ್ಲಗೇ ಹೋಗೂದು ಅಮ್ಮಾ," ಎಂದಳು. "ಹೆಲ್ಮೆಟ್ ಇಲ್ದೆ ಗಾಡಿ ಹತ್ತೂದಿಲ್ಲ. ತಲೆಗೆ ಏನೂ ಆಗ್ಲಿಲ್ಲ ಅಂದ್ರು ಡಾಕ್ಟ್ರು. ಏನೂ ತಪ್ಪು ಮಾಡದವ್ರಿಗೆ ಯಾಕೆ ಹಿಂಗಾಯ್ತು?"

ವೈಶಾಲಿಗೆ ಆ ಕೈಯನ್ನು ಇನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇರಬೇಕು ಎನ್ನಿಸಿತು. ಆದರೆ ಹೇಳದೇ ಹಿಡಿದುಕೊಳ್ಳುವುದು ಕಳವು ಮಾಡಿದಂತೆ.

"ಸೈಕಲ್ ಬಿದ್ದದ್ದು ನಮ್ಮ ಕಾರಿಂದ ಅಕ್ಕಾ. ಸರಿ ಕಟ್ಟಲಿಲ್ಲ ನಾವು. ಸದ್ದು ಬಂದ್ರೂ ನಿಲ್ಲಿಸಲಿಲ್ಲ."

ಸೋಮಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

ಮಾಬ್ಲನ ಜೀವ ಉಳಿಯಿತು. ಕಾಲು ಬರಲಿಲ್ಲ. ದೊಡ್ಡ ಆಸ್ಪತ್ರೆಗೂ ಒಯ್ದರು, ಆಪರೇಷನ್ನೂ ಆಯಿತು. ಬೆನ್ನುಮೂಳೆಯ ಒಳಗಿನ ನರ ಹೋದರೆ ಮತ್ತೆ ಹೊಲಿಯಲಾಗುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಖರ್ಚನ್ನೆಲ್ಲ ಶ್ರೀಕಾಂತ ಹೊತ್ತ. ಕೇಸೂ ನಡೆಯುತ್ತಿದೆ. ಆದರೆ ಬೆಳಂಬಾರದ ಗದ್ದೆಗೆ ಇಳಿದು ಹರಿವೆಯ ಮಡಿ ಮಾಡುತ್ತಿದ್ದ ಆ ಮನುಷ್ಯನಿಗೆ ಈಗ ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕು.

ಮಳೆಗಾಲ ಕಳೆದ ಮೇಲೆ ಇಬ್ಬರೂ ಅವರ ಮನೆಗೆ ಹೋದರು. ಮಾಬ್ಲ ಜಗಲಿಯಲ್ಲಿ ಮಲಗಿದ್ದ. ಎದುರಿಗೆ ತರಕಾರಿ ಮಡಿ ಅರ್ಧಕ್ಕರ್ಧ ಬಿತ್ತದೆ ಹಡಿಲು ಬಿದ್ದಿತ್ತು. ಒಬ್ಬಳ ಕೈಯಲ್ಲಿ ಎಷ್ಟಾದೀತು?

"ಸೈಕಲ್ ಕುಪ್ಪಳಿಸ್ತಾ ಬಂದದ್ದು ಕಾಣ್ತು," ಎಂದ ಮಾಬ್ಲ, ಯಾರೂ ಕೇಳದಿದ್ದರೂ. "ತಪ್ಪಿಸ್ವಾ ಅಂದೆ. ಆಗ್ಲಿಲ್ಲ."

ಶ್ರೀಕಾಂತ ಕೈ ಮುಗಿದ. "ನಂದೇ ತಪ್ಪು. ಹೇಳಿದ್ದನ್ನ ಕೇಳಲಿಲ್ಲ ನಾನು. ಹಗ್ಗ ಕೊಡೂಕೆ ಬಂದ್ರೂ ಬೇಡ ಅಂದೆ."

ಸೋಮಿ ಗಂಡನ ಕಾಲಿನ ಮೇಲೆ ಕೂತ ನೊಣ ಓಡಿಸುತ್ತಿದ್ದಳು. ಮಾಬ್ಲನಿಗೆ ನೊಣ ಕೂತದ್ದೇ ಗೊತ್ತಿರಲಿಲ್ಲ.

"ನೀವು ಬೇಕಂತ ಮಾಡ್ದವ್ರಲ್ಲ ಒಡ್ಯಾ, ಅದು ನಂಗೂ ಗೊತ್ತು," ಎಂದಳು. "ಗೊತ್ತಿದ್ದು ನಾ ಏನು ಮಾಡ್ಲಿ?"

ವೈಶಾಲಿ ತಲೆ ತಗ್ಗಿಸಿ, ರೋಷನ ಹೇಳಿ ಕಳಿಸಿದ ಮಾತನ್ನು ಹೇಗೋ ತೆಗೆದಳು. ನಾವು ಸೈಕಲ್ ಗೆಳೆಯರೆಲ್ಲ ಸೇರಿ, ಬೇರೆ ಸೈಕಲ್ಲಿನವರ ಎದುರು, ಸಂಘಗಳಲ್ಲಿ, ಶಾಲೆಗಳಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳಬೇಕು ಎಂದಿದೆ. ನಿಮ್ಮ ಹೆಸರೂ ಬರುತ್ತದೆ. ಹೇಳಬಹುದೇ?

ಸೋಮಿ ಗಂಡನ ಕಾಲಿನ ಮೇಲೆ ಹೊದಿಕೆ ಎಳೆದಳು.

"ಹೇಳಿ ಅಮ್ಮಾ," ಎಂದಳು. "ಹೇಳಿದ್ರೆ ಇವ್ರು ಏಳೂದಿಲ್ಲ. ಆದ್ರೂ ಹೇಳಿ."

ಅದಕ್ಕೇ ಅಂಕೋಲೆಯ ಸೈಕಲ್ ಗೆಳೆಯರಾದ ನಾವು ಹೇಳುತ್ತಿದ್ದೇವೆ. ಓದುವ ಅಣ್ಣ ತಮ್ಮ, ಅಕ್ಕ ತಂಗಿಯರೇ, ಶ್ರೀಕಾಂತ ಕೆಟ್ಟವನಲ್ಲ. ನಮ್ಮ ನಿಮ್ಮಂಥವನೇ. "ಏನೂ ಆಗುವುದಿಲ್ಲ" ಎಂದು ನಾವೂ ದಿನಕ್ಕೆಷ್ಟು ಸಲ ಹೇಳುತ್ತೇವೆ! ಕಾರಿನ ಹಿಂದೆ ಸೈಕಲ್ ಕಟ್ಟುವುದಿದ್ದರೆ ಆ ರ‍್ಯಾಕು ನಿಮ್ಮ ಕಾರಿಗೆ ಆಗುತ್ತದೆಯೋ ಇಲ್ಲವೋ ಮೊದಲು ಕಾರು ಮಾಡಿದವರನ್ನು ಕೇಳಿ. ಆಗುವುದಿಲ್ಲ ಎಂದರೆ ಕಟ್ಟಲೇಬೇಡಿ. ದೊಡ್ಡ ಗಾಡಿಯ ಒಳಗೆ ಹಾಕಿ ತನ್ನಿ. ಕಟ್ಟಿದ ಮೇಲೆ ಎಳೆದು ನೋಡಿ, ಹಗ್ಗದಿಂದ ಇನ್ನೊಮ್ಮೆ ಬಿಗಿಯಿರಿ. ನಂಬರ್ ಪ್ಲೇಟು, ಲೈಟು ಮುಚ್ಚದಿರಲಿ. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೆ ನೋಡಿ. ವೇಗ ಬೇಡ. ಸೈಕಲ್ಲೇ ಆಗಬೇಕೆಂದಿಲ್ಲ, ಏಣಿಗೂ ಹುಲ್ಲಿನ ಹೊರೆಗೂ ಹಾಸಿಗೆಗೂ ಇದೇ ಮಾತು.

ಹಿಂದೆ ಒಂದು ಸಣ್ಣ ಸದ್ದು ಕೇಳಿದರೂ ಹಾಡು ನಿಲ್ಲಿಸಿ, ಗಾಡಿ ಬದಿಗೆ ಹಾಕಿ, ಇಳಿದು ನೋಡಿ. ನಿಮ್ಮ ಪಕ್ಕದಲ್ಲಿ ಕೂತವರು "ನಿಲ್ಲಿಸಿ" ಎಂದರೆ ನಿಲ್ಲಿಸಿ. ನೀವು ಪಕ್ಕದಲ್ಲಿ ಕೂತಿದ್ದರೆ, ಒಂದೇ ಸಲ ಹೇಳಿ ಸುಮ್ಮನಾಗಬೇಡಿ.